ಗ್ರಾಫಿನ ಮೇಲೆ ‘ಹುಡಗಿ’ ಎಂದು ಬರೆಸುವುದು

ಬೀದರ್ ಜಿಲ್ಲೆಯ ಹುಡಗಿ, ಹುಮನಾಬಾದ್, ಬಸವಕಲ್ಯಾಣಗಳ ಮಳೆ ಲೆಕ್ಕವನ್ನು ಒಂದು ಗ್ರಾಫಿಗೆ ಹಾಕಿ ಊರ ಹೆಸರನ್ನು ಕನ್ನಡದಲ್ಲೇ ಬರೆಸಲು ಹೊರಟರೆ ಗೆರೆ, ಬಣ್ಣ, ಅಳತೆ ಯಾವುದೂ ಕೈಕೊಡುವುದಿಲ್ಲ, ಕೈಕೊಡುವುದು ಅಕ್ಷರ. ‘ಹುಡಗಿ’ ಕಣ್ಣಿಗೆ ಮೂರಕ್ಷರ, ಯೂನಿಕೋಡಿಗೆ ಐದು ಸಂಕೇತ: ಹ, ಕೊಂಬು, ಡ, ಗ, ಗುಡಿಸು. ಅವನ್ನು ಕೂಡಿಸಲು ಬಾರದ ಲೈಬ್ರರಿ ಗುಡಿಸನ್ನು ಗಕಾರದ ಪಕ್ಕದಲ್ಲಿ ಒಂಟಿಯಾಗಿ ನಿಲ್ಲಿಸುತ್ತದೆ. ಬಸವಕಲ್ಯಾಣದಲ್ಲಂತೂ ಯಕಾರ ಒತ್ತಾಗದೆ ಪೂರ್ತಿ ಅಕ್ಷರವಾಗಿಯೇ ಕೂರುತ್ತದೆ. ವಿದ್ಯಾರ್ಥಿಗಳ ಅಚ್ಚುಮೆಚ್ಚಿನ ಮ್ಯಾಟ್‌ಪ್ಲಾಟ್‌ಲಿಬ್ ಕೂಡ ವರ್ಷಗಟ್ಟಲೆ ಇದೇ ಅವಸ್ಥೆಯಲ್ಲಿತ್ತು. ಇಲ್ಲಿ ನಮ್ಮ ಪ್ರೋಗ್ರಾಮನ್ನು ಎಷ್ಟು ತಿದ್ದಿದರೂ ಅಷ್ಟೇ. ಅದರ ಬೆನ್ನಿಗೆ ಯಾವ ಲೈಬ್ರರಿ ಇದೆ ಎಂದು ನೋಡಬೇಕು.

ಬೀದರ್, ಬಸವಕಲ್ಯಾಣದ ವಿಟಿಯು ಕಾಲೇಜುಗಳ ಗ್ರಾಫಿಕ್ಸ್ ಲ್ಯಾಬಿನಲ್ಲಿ ಓಪನ್‌ಜಿಎಲ್ ಕಲಿತವರಿಗೆ ಕಂಪೈಲ್ ಸಾಲಿನ ಕೊನೆಗೆ ‘ಮೈನಸ್ ಎಲ್’ ಹಾಕಿ ಲೈಬ್ರರಿ ಸೇರಿಸುವುದು ಹೊಸದಲ್ಲ. ಪಿಎಲ್‌ಪ್ಲಾಟ್ ಎಂಬ, ಗ್ರಾಫ್ ಬಿಡಿಸುವ ಮುಕ್ತ ಲೈಬ್ರರಿಗೂ ಅದೇ ದಾರಿ. ಹೆಡರ್ ಫೈಲು ಫಂಕ್ಷನ್ನಿನ ಹೆಸರನ್ನಷ್ಟೇ ಹೇಳುತ್ತದೆ, ಅಸಲು ಕೋಡ್ ಲೈಬ್ರರಿಯಲ್ಲಿರುತ್ತದೆ. ಲಿಂಕರಿಗೆ ಅದು ಸಿಗದಿದ್ದರೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂಬ ದೂರು. ಯಾವ ಕಡತ ಎಲ್ಲಿದೆ ಎಂದು ಪಿಕೆಜಿ-ಕಾನ್ಫಿಗ್ ಎಂಬ ಸಲಕರಣೆ ಹೇಳಿಬಿಡುವುದರಿಂದ ತಲೆಕೆಡಿಸಿಕೊಳ್ಳಬೇಕಿಲ್ಲ.

ಸ್ವಾರಸ್ಯವಿರುವುದು ಪಿಎಲ್‌ಪ್ಲಾಟಿನ ಮಾದರಿ ಪ್ರೋಗ್ರಾಮುಗಳಲ್ಲಿ. 24ನೆಯದು ಕಾಮನಬಿಲ್ಲಿನ ಪಟ್ಟಿಗಳ ಶಾಂತಿ ಬಾವುಟ ಬಿಡಿಸಿ, ಅದರ ಮೇಲೆ ಚೀನಿ, ಹಿಂದಿ, ಹೀಬ್ರೂ, ರಷ್ಯನ್, ಕೊರಿಯನ್, ಅರಬ್ಬಿ, ಕುರ್ದಿಷ್ ಮುಂತಾದ ಭಾಷೆಗಳಲ್ಲಿ ‘ಶಾಂತಿ’ ಎಂದು ಬರೆಯುತ್ತದೆ. ಕನ್ನಡವಿಲ್ಲ! ಸಿಟ್ಟಾಗುವ ಮೊದಲು ಆ ಪಟ್ಟಿಯ ಜರ್ಮನ್ ಪದ ಅಳಿಸಿ ಅಲ್ಲಿ ನಮ್ಮ ‘ಶಾಂತಿ’ ಬರೆದು ಕಂಪೈಲ್ ಮಾಡಿನೋಡಬಹುದು. ಅದು ಮೂಡುವುದೋ ಇಲ್ಲವೋ ಎಂಬುದು ಡ್ರೈವರಿಗೆ, ಅಂದರೆ ಚಿತ್ರವನ್ನು ಪರದೆಗೋ ಕಡತಕ್ಕೋ ಇಳಿಸುವ ಭಾಗಕ್ಕೆ, ಬಿಟ್ಟದ್ದು. ಪಿಎಲ್‌ಪ್ಲಾಟಿನ ಹಳೆಯ ಡ್ರೈವರುಗಳು ನೆಚ್ಚಿಕೊಂಡಿರುವುದು ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿದ್ದ ಹರ್ಷಿ 1967ರಲ್ಲಿ ಪ್ರಕಟಿಸಿದ ಗೆರೆಯಕ್ಷರಗಳನ್ನು. ಗ್ರೀಕ್, ರಷ್ಯನ್, ಜಪಾನಿ ಲಿಪಿಗಳಿಗೆಲ್ಲ ತಾಳ್ಮೆಯಿಂದ ಗೆರೆ ಎಳೆದ ಆ ಪುಣ್ಯಾತ್ಮನಿಗೆ ಭಾರತದ ಲಿಪಿಗಳು ನೆನಪಾಗಲಿಲ್ಲ. ಆದರೆ ಅದೇ ಪ್ರೋಗ್ರಾಮನ್ನು ಕೈರೋ ಡ್ರೈವರಿನಲ್ಲಿ ಓಡಿಸಿದರೆ ಪ್ಯಾಂಗೋ, ಅದರ ಹಿಂದಿನ ಹಾರ್ಫ್‌ಬಝ್ ಎಂಬ ಅಕ್ಷರ ಕೂಡಿಸುವ ಲೈಬ್ರರಿಗಳು ಕೆಲಸಕ್ಕೆ ಇಳಿಯುತ್ತವೆ. ಲೋಹಿತ್‌ನಂಥ ಕನ್ನಡ ಫಾಂಟು ಇದ್ದರಾಯಿತು, ತಕಾರಕ್ಕೆ ಗುಡಿಸು ಸರಿಯಾಗಿ ಕೂಡುತ್ತದೆ. ಆ ಒಂದು ಪದದ ಹೊರತು ಪ್ರೋಗ್ರಾಮಿನ ಒಂದಕ್ಷರವೂ ಬದಲಾಗಿಲ್ಲ, ಕನ್ನಡ ಬಂದಿದೆ.

ಇಷ್ಟೆಲ್ಲ ಯಾಕೆ, ಹಳೆಯ ನುಡಿ ಫಾಂಟು ಸಾಲದೇ ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಯೂನಿಕೋಡ್ ಪೂರ್ವದ ಆ ಫಾಂಟುಗಳಲ್ಲಿ ಒತ್ತು, ಗುಣಿತಗಳೆಲ್ಲ ಸಿದ್ಧ ತುಂಡುಗಳು. ಕೂಡಿಸುವ ಬುದ್ಧಿ ಇಲ್ಲದ ಲೈಬ್ರರಿಯೂ ಅವನ್ನು ಚೆಂದವಾಗಿಯೇ ಬಿಡಿಸೀತು. ಆದರೆ ಮಳೆಯ ಪಟ್ಟಿ ಯೂನಿಕೋಡಿನಲ್ಲಿ ಬಂದರೆ ಪ್ರತಿ ಹೆಸರನ್ನೂ ಪರಿವರ್ತಿಸಬೇಕು, ಗ್ರಾಫಿನಲ್ಲಿ ‘ಹುಡಗಿ’ ಎಂದು ಹುಡುಕಿದರೆ ಸಿಗದು. ಇಂಗ್ಲಿಷಿನಲ್ಲೇ ಬರೆದರೆ ಸಾಕೆನ್ನುವವರು, ಉದ್ದು–ತೊಗರಿ ಬಿತ್ತುವವನು ತನ್ನೂರಿನ ಮಳೆಯ ಗ್ರಾಫನ್ನು ಯಾರ ಕೈಲಿ ಓದಿಸಬೇಕು ಎಂಬುದನ್ನೂ ಹೇಳಲಿ. ಹೆಚ್ಚು ತೂಕದ ಆಕ್ಷೇಪ ಒಂದಿದೆ: ಲ್ಯಾಬಿನಲ್ಲಿ ಸರಿ ಕಂಡದ್ದು ಬೇರೆ ಕಂಪ್ಯೂಟರಿನಲ್ಲಿ ಕೆಡುತ್ತದೆ. ಹೌದು, ಡೆಬಿಯನ್ನಿನಲ್ಲಿ ಕೈರೋ ಡ್ರೈವರ್ ಬೇರೆಯೇ ಪ್ಯಾಕೇಜು, ಪ್ರೋಗ್ರಾಂ ಓಡುವಾಗಷ್ಟೇ ಅದರ ಹುಡುಕಾಟ. ಹಾಗಾಗಿ ಲಿಂಕರ್ ಒಂದು ತಪ್ಪನ್ನೂ ತೋರಿಸದಿದ್ದರೂ, ಪ್ರೋಗ್ರಾಮನ್ನು ಪಂಚಾಯಿತಿಗೆ ಕೊಡುವ ಮುನ್ನ ಅಲ್ಲಿನ ಕಂಪ್ಯೂಟರಿನಲ್ಲಿ ಆ ಪ್ಯಾಕೇಜು, ಫಾಂಟು ಎರಡೂ ಇವೆಯೇ ಎಂದು ನೋಡಿಕೊಳ್ಳಬೇಕು. ಇಲ್ಲವೇ ಇಲ್ಲಿಯೇ ಗ್ರಾಫನ್ನು ಪಿಡಿಎಫ್ ಮಾಡಿ ಕಳಿಸಬೇಕು.