ವೈಭವದ ಕಾರು, ನೆರೆಯವರ ಕಣ್ಣು

ಮನುಷ್ಯನನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು ಮೋಟಾರು ಕಾರಿನ ಕೆಲಸ. ಅಗ್ಗದ ಕಾರೂ ಅದನ್ನು ಮಾಡಬಲ್ಲದು. ಹೀಗಿದ್ದರೂ ಅದರ ಹತ್ತು ಪಟ್ಟು ಬೆಲೆ ತೆತ್ತು ವೈಭವದ ಕಾರನ್ನು ಕೊಳ್ಳುವವರುಂಟು. ಮೆತ್ತನೆಯ ಆಸನ, ಬಲವಾದ ಎಂಜಿನು, ನಿಶ್ಶಬ್ದವಾದ ಓಟ ಇವುಗಳ ಆಸೆಯೂ ಒಂದು ಕಾರಣವೆಂಬುದು ನಿಜ. ಆದರೆ ಬೆಲೆ ಹತ್ತು ಪಟ್ಟಾದರೆ ಸುಖವೂ ಹತ್ತು ಪಟ್ಟಾಗದು. ಉಳಿದ ಹಣ ಯಾವುದಕ್ಕೆ ತೆತ್ತದ್ದು?

ಇಂಥ ವೆಚ್ಚದ ಮರ್ಮವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್ 1899ರಲ್ಲಿಯೇ ವಿವರಿಸಿದನು. ಸಿರಿತನವಿದ್ದರೆ ಸಾಲದು, ಅದು ಪರರಿಗೆ ಕಾಣಬೇಕು. ಕಣ್ಣಿಗೆ ಹೊಡೆಯುವ ವೆಚ್ಚವೇ ಅದಕ್ಕೆ ಸಾಕ್ಷಿ ಎಂಬುದು ಆತನ ವಾದ. ಎಲ್ಲರ ಕೈಗೂ ಎಟುಕುವ ವಸ್ತು ಆ ಸಾಕ್ಷಿಯನ್ನು ನುಡಿಯಲಾರದು. ಆದುದರಿಂದ ಇಲ್ಲಿ ಹೆಚ್ಚಿನ ಬೆಲೆಯು ದೋಷವಲ್ಲ, ಗುಣ.

ಈ ಸಾಕ್ಷಿಯನ್ನು ಕಂಡ ನೆರೆಯವರು ಏನು ಮಾಡುತ್ತಾರೆ? ನೆದರ್‌ಲೆಂಡಿನ ಒಂದು ಲಾಟರಿಯಲ್ಲಿ ಬಹುಮಾನ ಬರುವುದು ಸುಮಾರು 20 ಮನೆಗಳ ಒಂದೊಂದು ಅಂಚೆ ಸಂಕೇತಕ್ಕೆ. ಅಲ್ಲಿ ಚೀಟಿ ಕೊಂಡವರಿಗೆಲ್ಲ ಹಣ. ಅವರಲ್ಲಿ ಒಬ್ಬರಿಗೆ ಹೊಸ ಬಿ.ಎಂ.ಡಬ್ಲ್ಯು. ಕಾರು. ಯಾರು ಗೆಲ್ಲುವರೆಂಬುದು ಆಕಸ್ಮಿಕವಾದುದರಿಂದ ಸಂಶೋಧಕರಿಗೆ ಇದೊಂದು ಸಹಜ ಪ್ರಯೋಗವೇ ಆಯಿತು. ಚೀಟಿಯನ್ನೇ ಕೊಳ್ಳದೆ, ಒಂದು ಕಾಸನ್ನೂ ಗೆಲ್ಲದೆ ಇದ್ದ ಪಕ್ಕದ ಮನೆಯವರಲ್ಲಿಯೂ ಕಾರು ಕೊಳ್ಳುವುದು ಹೆಚ್ಚಿತೆಂದು 2011ರಲ್ಲಿ ಪ್ರಕಟವಾದ ಅವರ ಅಧ್ಯಯನ ತಿಳಿಸುತ್ತದೆ.

ಎಲ್ಲರೂ ಒಂದೊಂದು ಮೆಟ್ಟಿಲು ಏರಿದರೆ ಯಾರೂ ಮೇಲಾಗುವುದಿಲ್ಲ, ವೆಚ್ಚವೊಂದೇ ಮೇಲೇರುತ್ತದೆ. ಯಾವ ವಸ್ತುವನ್ನೇ ಕೊಳ್ಳುವಾಗಲೂ ಉಪಯೋಗಕ್ಕೆಷ್ಟು, ನೆರೆಯವರ ಕಣ್ಣಿಗೆಷ್ಟು ತೆರುತ್ತಿದ್ದೇವೆಂದು ಲೆಕ್ಕ ಹಾಕಿ ನೋಡುವುದು ಲೇಸು.