ನಿಮಗಿದು ಗೊತ್ತೇ? ಕೊಳ್ಳುವವರು ಒಬ್ಬರು, ಬಳಸುವವರು ಇನ್ನೊಬ್ಬರು

◆ ಒಂದು ಕಾಲಕ್ಕೆ ಸಾಫ್ಟ್‌ವೇರ್‌ಗೆ ಬೆಲೆಯೇ ಇರಲಿಲ್ಲ. ಕಂಪನಿಯೊಂದು ದುಬಾರಿ ಕಂಪ್ಯೂಟರ್ ತಂದರೆ ಪ್ರೋಗ್ರಾಂ ಅದರ ಜೊತೆ ಪುಕ್ಕಟೆ ಬರುತ್ತಿತ್ತು. ಎರಡಕ್ಕೂ ಬೇರೆ ಬೇರೆ ಬಿಲ್ ಹಾಕುತ್ತೇವೆ ಎಂದು ಐಬಿಎಂ ಹೇಳಿದ್ದು 1969ರ ಜೂನ್‌ನಲ್ಲಿ. ಅದಕ್ಕೂ ಮೊದಲೇ ಪ್ರೋಗ್ರಾಂ ಒಂದನ್ನು ಸರಕಿನಂತೆ ಮಾರಲು ಹೊರಟವರು ಅಪ್ಲೈಡ್ ಡೇಟಾ ರಿಸರ್ಚ್ ಕಂಪನಿಯ ಮಾರ್ಟಿನ್ ಗೆಟ್ಸ್. ಅವರ ‘ಆಟೋಫ್ಲೋ’ ಇತರ ಪ್ರೋಗ್ರಾಂಗಳನ್ನು ಓದಿ ತಾನೇ ಫ್ಲೋಚಾರ್ಟ್ ಬರೆದುಕೊಡುತ್ತಿತ್ತು. ಆರ್‌ಸಿಎ 501 ಯಂತ್ರ ಇಟ್ಟುಕೊಂಡಿದ್ದ ನೂರರಷ್ಟು ಸಂಸ್ಥೆಗಳಿಗೆ 2,400 ಡಾಲರ್ ದರ ಹೇಳಿದರು. ಕೊಂಡವರು ಇಬ್ಬರೇ! ಗೆಟ್ಸ್ ಕೈಚೆಲ್ಲಲಿಲ್ಲ. ಗಿರಾಕಿಗಳು ಹೆಚ್ಚಿದ್ದ ಐಬಿಎಂ 1401 ಯಂತ್ರಕ್ಕೆ ಅದನ್ನು ಮತ್ತೆ ಬರೆದರು, ವ್ಯಾಪಾರ ಕುದುರಿತು.

◆ ಜಗತ್ತಿನ ಮೊದಲ ಸ್ಪ್ಯಾಮ್ ಇಮೇಲ್ ಲಾಟರಿಯದೂ ಅಲ್ಲ, ತೂಕ ಇಳಿಸುವ ಮಾತ್ರೆಯದೂ ಅಲ್ಲ. 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಗ್ಯಾರಿ ಥರ್ಕ್ ಹೊಸ ಡೆಕ್‌ಸಿಸ್ಟಮ್-20 ಕಂಪ್ಯೂಟರ್‌ಗಳ ಪ್ರಾತ್ಯಕ್ಷಿಕೆಗೆ ಜನ ಸೇರಿಸಬೇಕಿತ್ತು. ಕಂಪನಿಗೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ಹೆಸರಿತ್ತು, ಪಶ್ಚಿಮದಲ್ಲಿ ಅಷ್ಟಕ್ಕಷ್ಟೇ. ಇಂಟರ್‌ನೆಟ್‌ನ ಪೂರ್ವಜ ಅರ್ಪಾನೆಟ್‌ನ ಅಚ್ಚಾದ ಡೈರೆಕ್ಟರಿ ತೆರೆದು ಪಶ್ಚಿಮದ ವಿಳಾಸಗಳನ್ನು ಆರಿಸಿ, 400ರ ಆಸುಪಾಸು ಮಂದಿಗೆ ಒಂದೇ ಪತ್ರ ಕಳಿಸಿಬಿಟ್ಟರು. ವಿಳಾಸಗಳಿಗೆ ಮೀಸಲಾದ ಜಾಗ ಸಾಲದೆ ಉಳಿದವು ಪತ್ರದ ಒಡಲಿಗೇ ಬಂದು ಬಿದ್ದವು. ಸೇನೆಯ ಜಾಲವನ್ನು ಜಾಹೀರಾತಿಗೆ ಬಳಸಿದ್ದಕ್ಕೆ ಮೇಲಿನವರು ಗದರಿದರು. ಆದರೆ ಆ ಒಂದು ಪತ್ರದಿಂದ 1 ಕೋಟಿ ಡಾಲರಿಗೂ ಮಿಕ್ಕಿ ಮಾರಾಟವಾಯಿತು ಎನ್ನುವುದು ಥರ್ಕ್ ಅವರ ಲೆಕ್ಕ. ಮಾರುವವರ ಲೆಕ್ಕ, ಸ್ವಲ್ಪ ಸೋಡಿ ಬಿಟ್ಟು ಓದಿಕೊಳ್ಳಿ.

◆ ಯಂತ್ರ ಕೊಂಡು ಪ್ರೋಗ್ರಾಂ ಹುಡುಕುವುದು ವಾಡಿಕೆ. 1979ರಲ್ಲಿ ಇದು ತಿರುಗಿತು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ವಿದ್ಯಾರ್ಥಿ ಡ್ಯಾನ್ ಬ್ರಿಕ್ಲಿನ್ ಮತ್ತು ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಬರೆದ ‘ವಿಸಿಕ್ಯಾಲ್ಕ್’ ಎಂಬ ಸ್ಪ್ರೆಡ್‌ಶೀಟ್ ಆಪಲ್-2ರಲ್ಲಿ ಮಾತ್ರ ಓಡುತ್ತಿತ್ತು. ಜನ ಅಂಗಡಿಗೆ ಬಂದು ವಿಸಿಕ್ಯಾಲ್ಕ್ ಕೇಳಿ, ಅದಕ್ಕೋಸ್ಕರ ಕಂಪ್ಯೂಟರನ್ನೂ ಕಟ್ಟಿಸಿಕೊಂಡು ಹೋದರು. ಸರಕಿನ ಬೆಲೆ 100 ಡಾಲರ್, ಅದನ್ನು ಓಡಿಸುವ ಯಂತ್ರಕ್ಕೆ ಅದರ ಹಲವು ಪಟ್ಟು! ಕಂಪ್ಯೂಟರ್ ಪಂಡಿತರು ನೋಡಿ ‘ಇದರಲ್ಲೇನು ಮಹಾ’ ಎಂದರೆ, ಒಂದು ಅಂಕಿ ತಿದ್ದಿದರೆ ಇಡೀ ಹಾಳೆಯ ಮೊತ್ತ ತಾನೇ ಬದಲಾಗುವುದನ್ನು ಕಂಡು ಬೆರಗಾದವರು ಲೆಕ್ಕಪತ್ರದವರು.

◆ ಲೆಕ್ಕದವರ ಮಾತು ಬಂದಮೇಲೆ ನಮ್ಮ ಬೆಂಗಳೂರಿನ ಟ್ಯಾಲಿಯನ್ನು ಬಿಡುವುದು ಹೇಗೆ? ಗಿರಣಿ, ಕಾರ್ಖಾನೆಗಳಿಗೆ ಸಾಮಾನು ಒದಗಿಸುತ್ತಿದ್ದ ಶ್ಯಾಮಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಒಗ್ಗುವ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್‌ಗೆ ‘ನೀನೇ ಬರಿ’ ಎಂದರು. 1986ರಲ್ಲಿ ತಂದೆ-ಮಗ ಸೇರಿ ಪ್ಯೂಟ್ರಾನಿಕ್ಸ್ ಕಂಪನಿ ಕಟ್ಟಿದರು, ಟ್ಯಾಲಿ ಅದರ ಸರಕು. ಆಗಿನ ಲೆಕ್ಕದ ಪ್ರೋಗ್ರಾಂಗಳಲ್ಲಿ ಪ್ರತಿ ಖಾತೆಗೂ ಒಂದು ಸಂಕೇತಸಂಖ್ಯೆ ನೆನಪಿಡಬೇಕಿತ್ತು. ಟ್ಯಾಲಿಯಲ್ಲಿ ಅದಿಲ್ಲ, ಕಿರ್ದಿ ಬರೆದಂತೆ ಪಾರ್ಟಿಯ ಹೆಸರನ್ನೇ ಬರೆದರಾಯಿತು. ಯಾವುದೇ ಹಾರ್ಡ್‌ವೇರ್ ಅಂಗಡಿಯ ಒಳಕೋಣೆಗೆ ಇಣುಕಿ: ಲೆಕ್ಕ ಬರೆಯುವವರ ಕೈ ಮೌಸ್ ಕಡೆ ಹೋಗುವುದೇ ಇಲ್ಲ. ಪಾವತಿಗೆ ಎಫ್5, ಜಮೆಗೆ ಎಫ್6, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9. ಕಣ್ಣು ವೋಚರ್ ಮೇಲೆ, ಬೆರಳು ತನ್ನ ಪಾಡಿಗೆ ತಾನು.

ಟ್ಯಾಲಿಯ ನಿಜವಾದ ಜಾಹೀರಾತು ಪೇಪರಿನಲ್ಲಿ ಬಂದದ್ದಕ್ಕಿಂತ ತಾಲ್ಲೂಕು ಕೇಂದ್ರಗಳ ಬಸ್‌ಸ್ಟ್ಯಾಂಡ್ ಎದುರಿನ ಮಹಡಿ ಮೇಲೆ ‘ಟ್ಯಾಲಿ ಕಲಿಸಲಾಗುವುದು’ ಎಂದು ನೇತಾಡುವ ಬೋರ್ಡುಗಳಲ್ಲಿ ಇತ್ತು ಎಂಬುದು ನನ್ನ ಅಂದಾಜು. ಬಿ.ಕಾಂ ಮುಗಿಸಿ ಕೆಲಸ ಕೇಳಲು ಹೋದವರಿಗೆ ಮೊದಲ ಪ್ರಶ್ನೆ, ‘ಟ್ಯಾಲಿ ಬರುತ್ತಾ?’ ದುಡ್ಡು ಕೊಡುವವರು ಸಾಹುಕಾರರು, ಆರಿಸುವವರು ಅವರ ಗುಮಾಸ್ತರು, ಹೂಂ ಅನ್ನಬೇಕಾದವರು ಆಡಿಟರ್. ಮೂವರೂ ಒಂದೇ ಹೆಸರು ಹೇಳಿದಮೇಲೆ ಇನ್ನೊಬ್ಬರು ಹೊಸ ಸಾಫ್ಟ್‌ವೇರ್ ಹಿಡಿದು ಬಾಗಿಲು ತಟ್ಟಿದರೆ ಕಾಫಿ ಸಿಗಬಹುದು, ಆರ್ಡರ್ ಸಿಗುವುದು ಕಷ್ಟ. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು.

◆ ಕೆಲವೊಮ್ಮೆ ಸರಕಾರವೇ ಸೇಲ್ಸ್‌ಮನ್ ಆಗಿಬಿಡುತ್ತದೆ. ಜಿಎಸ್‌ಟಿಯ ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂ. ವಹಿವಾಟು ಮೀರಿದವರಿಗಷ್ಟೇ ಕಡ್ಡಾಯವಾಗಿತ್ತು. ಮಿತಿ 100 ಕೋಟಿಗೆ ಇಳಿಯಿತು, 50, 20, 10 ಎಂದು ಜಾರುತ್ತಾ 2023ರ ಆಗಸ್ಟ್‌ಗೆ 5 ಕೋಟಿಗೆ ಬಂತು. ಒಂದೊಂದು ಮೆಟ್ಟಿಲು ಇಳಿದಾಗಲೂ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವವರಿಗೆ ಹೊಸ ಗಿರಾಕಿಗಳ ಪಟ್ಟಿ, ಜೊತೆಗೆ ‘ಇಂಥ ತಾರೀಖಿನೊಳಗೆ’ ಎಂಬ ಗಡುವು. ಅದಕ್ಕಿಂತ ಜೋರಾದ ಜಾಹೀರಾತನ್ನು ಯಾವ ಏಜೆನ್ಸಿ ಬರೆದೀತು?

◆ ಹೊಸ ತಂತ್ರಜ್ಞಾನ ಹೇಗೆ ಹರಡುತ್ತದೆ ಎಂದು ಸ್ಟಾರ್ಟಪ್‌ನವರು ಗೋಡೆಗೆ ಬರೆಯುವ ಗಂಟೆಯಾಕಾರದ ರೇಖೆ ಇದೆಯಲ್ಲ, ಅದರ ಬೇರು ಮೆಕ್ಕೆಜೋಳದ ಹೊಲದಲ್ಲಿದೆ. ಬ್ರೈಸ್ ರಯಾನ್, ನೀಲ್ ಗ್ರಾಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಅಮೆರಿಕದ ಅಯೋವಾದಲ್ಲಿ ರೈತರನ್ನು ಮಾತಾಡಿಸಿ, ಹೈಬ್ರಿಡ್ ಬೀಜವನ್ನು ಯಾರು ಯಾವಾಗ ಯಾಕೆ ಬಿತ್ತಿದರು ಎಂದು 1943ರಲ್ಲಿ ಪ್ರಕಟಿಸಿದರು. ಬೀಜದ ಸುದ್ದಿಯನ್ನು ಮೊದಲು ಮುಟ್ಟಿಸಿದವರು ಹೆಚ್ಚಾಗಿ ಕಂಪನಿಯ ಮಾರಾಟಗಾರರು. ಆದರೆ ‘ಸರಿ, ಬಿತ್ತೋಣ’ ಎಂಬ ಮನಸ್ಸು ಮಾಡಿಸಿದವರು ಪಕ್ಕದ ಹೊಲದವರು. ಸಮಾಜಶಾಸ್ತ್ರಜ್ಞ ಎವರೆಟ್ ರೋಜರ್ಸ್ 1962ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ಅಂಕಿ ಕೊಟ್ಟರು: ಮುಂದೆ ನುಗ್ಗುವವರು ಶೇ. 2.5, ಅವರ ಬೆನ್ನಿಗೆ ಬರುವವರು ಶೇ. 13.5, ನಡುವಿನ ಎರಡು ಗುಂಪು ತಲಾ ಶೇ. 34, ಕೊನೆಗೂ ಒಲ್ಲೆ ಒಲ್ಲೆ ಎನ್ನುತ್ತಲೇ ಬರುವವರು ಶೇ. 16.

1991ರಲ್ಲಿ ಮಾರುಕಟ್ಟೆ ಸಲಹೆಗಾರ ಜೆಫ್ರಿ ಮೂರ್ ಈ ರೇಖೆಯ ನಡುವೆ ಒಂದು ಕಂದರ ಕಂಡರು. ಹೊಸದನ್ನು ಕಂಡರೆ ಹುಮ್ಮಸ್ಸಿನಿಂದ ಕೈಹಾಕುವ ಮೊದಲ ಶೇ. 16 ಕಂಪನಿಗಳ ಶಿಫಾರಸು, ನಂತರದ ಎಚ್ಚರಿಕೆಯ ಕಂಪನಿಗಳಿಗೆ ರುಚಿಸುವುದಿಲ್ಲ. ‘ಅವರಿಗೇನು, ಪ್ರಯೋಗ ಮಾಡುವ ಚಟ, ನಮ್ಮಂಥವರು ಯಾರಾದರೂ ಕೊಂಡಿದ್ದಾರೆಯೇ ಹೇಳಿ’ ಎನ್ನುತ್ತಾರೆ. ಅಂಥವರು ಕೊಳ್ಳಬೇಕಾದರೆ ಅವರಂಥ ಇನ್ನೊಬ್ಬರು ಕೊಂಡಿರಬೇಕು, ಆ ಇನ್ನೊಬ್ಬರೂ ಇದನ್ನೇ ಕೇಳುತ್ತಾರೆ. ಒಂದೇ ಒಂದು ಸಣ್ಣ ವ್ಯವಹಾರದ ಗುಂಪನ್ನು ಹಿಡಿದು, ಅದನ್ನು ಪೂರ್ತಿ ಗೆದ್ದು ಮುಂದೆ ಹೋಗಿ ಎಂಬುದು ಮೂರ್ ಕೊಟ್ಟ ಮದ್ದು. ಅಯೋವಾದ ರೈತರೂ ಪಕ್ಕದ ಹೊಲವನ್ನೇ ನೋಡಿದ್ದು.

◆ 2000ದ ಫೆಬ್ರುವರಿ, ಸ್ಯಾನ್ ಫ್ರಾನ್ಸಿಸ್ಕೊ. ಸೀಬೆಲ್ ಎಂಬ ದೈತ್ಯ ಸಾಫ್ಟ್‌ವೇರ್ ಕಂಪನಿಯ ಗ್ರಾಹಕರ ಸಮ್ಮೇಳನ. ಹೊರಗೆ ಫಲಕ ಹಿಡಿದು ‘ಸಾಫ್ಟ್‌ವೇರ್ ಬೇಡ’ ಎಂದು ಘೋಷಣೆ ಕೂಗುವ ಗುಂಪು, ಅವರನ್ನು ಸಂದರ್ಶಿಸುವ ಟೀವಿ ತಂಡ. ಎರಡೂ ನಕಲಿ! ಬಾಡಿಗೆ ನಟರನ್ನು ಕರೆತಂದವರು ಇಂಟರ್‌ನೆಟ್‌ನಲ್ಲೇ ಸಾಫ್ಟ್‌ವೇರ್ ಬಾಡಿಗೆಗೆ ಕೊಡುತ್ತೇವೆಂದು ಹೊರಟಿದ್ದ ಸೇಲ್ಸ್‌ಫೋರ್ಸ್‌ನ ಮಾರ್ಕ್ ಬೆನಿಯೊಫ್. ಸೀಬೆಲ್‌ನವರು ಪೊಲೀಸರನ್ನು ಕರೆದರು, ಬೆನಿಯೊಫ್‌ಗೆ ಬೇಕಿದ್ದ ಗದ್ದಲ ಅಲ್ಲಿಗೆ ಪೂರ್ತಿಯಾಯಿತು. ಮುಂದೆ ಸೀಬೆಲ್ ಕಂಪನಿಯನ್ನು ಒರಾಕಲ್ ನುಂಗಿತು.

ಮಾಡಿದ್ದುಣ್ಣೋ ಮಹಾರಾಯ! 2017ರಲ್ಲಿ ಸೇಲ್ಸ್‌ಫೋರ್ಸ್‌ನ ವಾರ್ಷಿಕ ಸಮ್ಮೇಳನ ನಡೆಯುತ್ತಿದ್ದಾಗ ಅದೇ ಊರಿನ ಆಕಾಶದಲ್ಲಿ ‘ಫೇಲ್ಸ್‌ಫೋರ್ಸ್’ ಎಂದು ಬರೆದ ವಾಯುನೌಕೆಯೊಂದು ತೇಲಿತು. ಹಾರಿಸಿದ್ದು ಚೆನ್ನೈಯಲ್ಲಿ ಹುಟ್ಟಿದ ಸಾಫ್ಟ್‌ವೇರ್ ಕಂಪನಿ ಫ್ರೆಶ್‌ವರ್ಕ್ಸ್. ಅದರ ಮೊದಲ ಗಿರಾಕಿ ಆಸ್ಟ್ರೇಲಿಯಾದ ಒಂದು ಕಾಲೇಜು. ಚೆನ್ನೈಯ ಆಫೀಸಿನಲ್ಲಿ ಕುಳಿತೇ ಇಂಟರ್‌ನೆಟ್ ಮೂಲಕ ಗಿಟ್ಟಿಸಿದ ವ್ಯಾಪಾರ ಅದು.

◆ ಆಫೀಸುಗಳಲ್ಲಿ ಹರಟೆಗೂ ಕೆಲಸಕ್ಕೂ ಬಳಸುವ ‘ಸ್ಲ್ಯಾಕ್’ ಹುಟ್ಟಿದ್ದು ಸೋತ ವಿಡಿಯೊ ಗೇಮ್ ಒಂದರ ಹೊಟ್ಟೆಯಲ್ಲಿ. ‘ಗ್ಲಿಚ್’ ಎಂಬ ಆಟ ಕಟ್ಟುತ್ತಿದ್ದ ತಂಡ ತನ್ನೊಳಗಿನ ಮಾತುಕತೆಗೆ ಮಾಡಿಕೊಂಡಿದ್ದ ಸಲಕರಣೆ ಅದು. 2013ರ ಆಗಸ್ಟ್‌ನಲ್ಲಿ ಹೊರಗಿನವರಿಗೆ ತೆರೆದಾಗ ಮೊದಲ ದಿನವೇ ಪ್ರವೇಶಕ್ಕೆ 8,000 ಕೋರಿಕೆಗಳು ಬಂದವು. ಅದನ್ನು ‘ಬೀಟಾ’ ಎಂದು ಕರೆಯಬಾರದೆಂದು ಕಂಪನಿಯ ಮುಖ್ಯಸ್ಥ ಸ್ಟುವರ್ಟ್ ಬಟರ್‌ಫೀಲ್ಡ್ ಪಟ್ಟು ಹಿಡಿದಿದ್ದರು. ಬೀಟಾ ಎಂದರೆ ಯಾವಾಗ ಕೈಕೊಡುತ್ತದೋ ಎಂಬ ಅಳುಕು, ಆದ್ದರಿಂದ ‘ಮುನ್ನೋಟ’ ಎಂದರು. ಸಿಬ್ಬಂದಿಯಲ್ಲಿ ಯಾರಾದರೂ ಬಳಸುವುದನ್ನು ನಿಲ್ಲಿಸಿದರೆ ಅವರ ಪಾಲಿನ ಹಣವನ್ನು ಸ್ಲ್ಯಾಕ್ ತಾನೇ ಜಮೆ ಮಾಡಿಕೊಡುತ್ತಿತ್ತು. ಬಿಲ್ ಪಾಸು ಮಾಡುವ ಅಕೌಂಟ್ಸ್ ವಿಭಾಗವನ್ನು ಒಲಿಸಿಕೊಳ್ಳಲು ಇದಕ್ಕಿಂತ ಜಾಣ ಉಪಾಯ ನಾನು ಕಂಡಿಲ್ಲ.

◆ ಆನ್‌ಲೈನ್ ಪಾವತಿಯ ‘ಸ್ಟ್ರೈಪ್’ ಕಂಪನಿಯ ಕಾಲಿಸನ್ ಸಹೋದರರಿಗೆ ಆರಂಭದಲ್ಲಿ ಯಾರಾದರೂ ‘ಸರಿ, ನೋಡೋಣ’ ಎಂದರೆ ಲಿಂಕ್ ಕಳಿಸುತ್ತೇವೆ ಎನ್ನುವ ಅಭ್ಯಾಸವೇ ಇರಲಿಲ್ಲ. ‘ಲ್ಯಾಪ್‌ಟಾಪ್ ಇಲ್ಲಿ ಕೊಡಿ’ ಎಂದು ಅಲ್ಲೇ ಜೋಡಿಸಿಕೊಟ್ಟು ಏಳುತ್ತಿದ್ದರು. ‘ನೋಡೋಣ’ ಎಂದರೆ ಏನರ್ಥ ಎಂದು ನಮ್ಮ ಚಿಕ್ಕಪೇಟೆಯ ವ್ಯಾಪಾರಿಗಳನ್ನು ಕೇಳಿ.

◆ ಸಿಡ್ನಿಯ ಸಾಫ್ಟ್‌ವೇರ್ ಕಂಪನಿ ಅಟ್ಲಾಸಿಯನ್ 2002ರಲ್ಲಿ ಶುರುವಾದಾಗ ಮಾರಾಟ ತಂಡವನ್ನೇ ಇಟ್ಟುಕೊಳ್ಳಲಿಲ್ಲ. ಬೆಲೆಯನ್ನು ಎಲ್ಲರಿಗೂ ಕಾಣುವಂತೆ ಬರೆದಿಟ್ಟರು, ಚೌಕಾಸಿ ಇರಲಿಲ್ಲ.

◆ ‘ಪೋಸ್ಟ್‌ಮನ್’ ಅಂಚೆಯವರಲ್ಲ. ಪ್ರೋಗ್ರಾಮರ್‌ಗಳು ದಿನವೂ ಬಳಸುವ ಸಲಕರಣೆ. ಅಭಿನವ್ ಅಸ್ಥಾನಾ 2012ರಲ್ಲಿ ಕ್ರೋಮ್ ಬ್ರೌಸರ್‌ಗೆ ಪುಕ್ಕಟೆಯಾಗಿ ಬಿಟ್ಟಿದ್ದ ಪುಟ್ಟ ತುಣುಕು ಅದು. ಬಾಯಿಂದ ಬಾಯಿಗೆ ಹರಡಿ, 2014ರಲ್ಲಿ ಬೆಂಗಳೂರಿನಲ್ಲಿ ಕಂಪನಿಯಾಯಿತು. ಅಂದರೆ ಗಿರಾಕಿಗಳು ಮೊದಲು, ಕಂಪನಿ ಆಮೇಲೆ.

◆ ಬಿಸಿನೆಸ್ ಗ್ರಾಹಕರೆಂದರೆ ಕೋಟು-ಟೈ ಕಟ್ಟಿದವರೇ ಆಗಬೇಕಿಲ್ಲ. ಪೇಟಿಎಂ 2019ರಲ್ಲಿ ತಂದ ಸೌಂಡ್‌ಬಾಕ್ಸ್ ಯಾರಿಗಾಗಿ? ಕೊತ್ತಂಬರಿ ಕಟ್ಟು ಬಿಡಿಸುತ್ತಾ ಎರಡೂ ಕೈ ಒದ್ದೆಯಾದ ತರಕಾರಿ ಗಾಡಿಯವರಿಗಾಗಿ. ಕ್ಯೂಆರ್ ಚೀಟಿ ಅಂಟಿಸಿದ್ದರೂ ದುಡ್ಡು ಬಂತೋ ಇಲ್ಲವೋ ಎಂದು ಫೋನ್ ತೆರೆದು ನೋಡಲು ಅವರಿಗೆ ಪುರಸೊತ್ತಿಲ್ಲ. ಗಿರಾಕಿ ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಹೋದರೆ ಸಂಜೆಯ ಲೆಕ್ಕದಲ್ಲಿ ಖೋತಾ. ಡಬ್ಬಿ ‘ಇಪ್ಪತ್ತು ರೂಪಾಯಿ ಬಂದಿದೆ’ ಎಂದು ಕೂಗಿದರೆ ಕತ್ತೆತ್ತುವುದೂ ಬೇಡ. ಕ್ಯೂಆರ್ ಪುಕ್ಕಟೆ, ಕೂಗುವ ಡಬ್ಬಿಗೆ ತಿಂಗಳ ಬಾಡಿಗೆ. ವ್ಯಾಪಾರಿಗಳು ದುಡ್ಡು ಕೊಟ್ಟದ್ದು ನಿಶ್ಚಿಂತೆಗೆ. ಫೋನ್‌ಪೇ ಡಬ್ಬಿಯಲ್ಲಿ ಕನ್ನಡಕ್ಕೆ ಕಿಚ್ಚ ಸುದೀಪ್ ದನಿಯೂ ಬಂತು.

◆ ಕಂಪನಿಯೊಂದು ಸಂಕೀರ್ಣ ಸರಕು-ಸೇವೆ ಕೊಳ್ಳುವಾಗ ತೀರ್ಮಾನದಲ್ಲಿ ಕೈಯಾಡಿಸುವವರು 6ರಿಂದ 10 ಜನ ಎಂದು ಗಾರ್ಟ್‌ನರ್ ಎಂಬ ಸಂಶೋಧನಾ ಸಂಸ್ಥೆ ಒಮ್ಮೆ ಲೆಕ್ಕ ಕೊಟ್ಟಿತ್ತು. ಆ ಖರೀದಿಯ ಒಟ್ಟು ಸಮಯದಲ್ಲಿ ಮಾರಾಟಗಾರರ ಜೊತೆ ಕೂರುವುದು ಶೇ. 17 ಮಾತ್ರ, ಅದೂ ಬಂದ ಎಲ್ಲ ಮಾರಾಟಗಾರರಿಗೂ ಹಂಚಿ. ಉಳಿದದ್ದು ತಾವೇ ಓದುವುದು, ತಮ್ಮ ತಮ್ಮಲ್ಲೇ ಜಗ್ಗಾಡುವುದು.

◆ ನಿಮ್ಮ ಜಾಹೀರಾತು ನೋಡಿದ ನೂರು ಕಂಪನಿಗಳಲ್ಲಿ ಈಗಲೇ ಕೊಳ್ಳುವ ಸ್ಥಿತಿಯಲ್ಲಿರುವವು ಸುಮಾರು ಐದು. ಆಸ್ಟ್ರೇಲಿಯಾದ ಎಹ್ರೆನ್‌ಬರ್ಗ್-ಬಾಸ್ ಸಂಸ್ಥೆಯ ಜಾನ್ ಡಾವ್ಸ್ ಅವರ ಲೆಕ್ಕ ಬಹಳ ಸರಳ: ಐದು ವರ್ಷಕ್ಕೊಮ್ಮೆ ಬದಲಿಸುವ ಸೇವೆ ಎಂದರೆ ವರ್ಷಕ್ಕೆ ಶೇ. 20, ಮೂರು ತಿಂಗಳಿಗೆ ಶೇ. 5. ಉಳಿದ 95 ಕಂಪನಿಗಳಿಗೆ ಈಗ ಬೇಕಿರುವುದು ಡಿಸ್ಕೌಂಟ್ ಅಲ್ಲ, ಮುಂದೆ ನೆನಪಿಗೆ ಬರುವಂಥ ಒಂದು ಹೆಸರು.

◆ ಇನ್ನು ಆ ಐದರಲ್ಲಿ ಒಬ್ಬರು ತಾವಾಗಿಯೇ ವೆಬ್‌ಸೈಟಿಗೆ ಬಂದು ‘ನಮಗೆ ಬೇಕು, ಫೋನ್ ಮಾಡಿ’ ಎಂದು ಬರೆದುಹೋದರೆ? 2011ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪ್ರಕಟಿಸಿದ ಅಧ್ಯಯನಕ್ಕಾಗಿ ಅಮೆರಿಕದ 2,241 ಕಂಪನಿಗಳಿಗೆ ಹೀಗೆ ಬರೆದು ಪರೀಕ್ಷಿಸಿದರು. ಒಂದು ಗಂಟೆಯೊಳಗೆ ಸಂಪರ್ಕಿಸಿದರೆ ತೀರ್ಮಾನ ಮಾಡಬಲ್ಲವರೊಂದಿಗೆ ಮಾತುಕತೆ ಕುದುರುವ ಸಾಧ್ಯತೆ, ಗಂಟೆ ಕಳೆದಮೇಲೆ ಪ್ರಯತ್ನಿಸುವವರಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಎಂಬುದೂ ಅದರಲ್ಲಿತ್ತು. ಉತ್ತರಿಸಿದ ಕಂಪನಿಗಳು ತೆಗೆದುಕೊಂಡ ಸರಾಸರಿ ಸಮಯ 42 ಗಂಟೆ. ಶೇ. 23 ಕಂಪನಿಗಳು ಉತ್ತರವನ್ನೇ ಕೊಡಲಿಲ್ಲ.