ಮುತ್ತಜ್ಜಿಯ ಹೆಸರೇನು?

ಮಹಾನಗರದ ಆಸ್ಪತ್ರೆಯಲ್ಲಿ ಹೃದ್ರೋಗ ತಜ್ಞರ ಎದುರು ಕುಳಿತವರಿಗೆ ಒದಗುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: "ಮನೆತನದಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ? ಎಷ್ಟನೆಯ ವಯಸ್ಸಿನಲ್ಲಿ ಬಂತು?" ಹೊರನಾಡ ಕನ್ನಡಿಗನು ಇಲ್ಲಿ ತಡವರಿಸುತ್ತಾನೆ. ತಂದೆಯ ವಿಷಯ ತಿಳಿದಿರುತ್ತದೆ. ಅಜ್ಜ "ವಯಸ್ಸಾಗಿ ಹೋದರು" ಎಂಬಷ್ಟು ನೆನಪಿರುತ್ತದೆ. ತಾಯಿಯ ತಾಯಿಯ ಬಗೆಗಂತೂ ಹೆಸರನ್ನು ಬಿಟ್ಟು ಬೇರೇನೂ ತೋಚದು. ಊರಿನಲ್ಲಿಯೇ ಉಳಿದವನಿಗೆ ಈ ಪ್ರಶ್ನೆ ಅಷ್ಟು ಕಠಿಣವಲ್ಲ. ಜಗಲಿಯ ಮೇಲೆ ಕುಳಿತ ದೊಡ್ಡಪ್ಪನೋ, ಮೂರು ಮನೆ ಆಚೆಗಿರುವ ಸೋದರತ್ತೆಯೋ ಒಂದು ಗಳಿಗೆಯಲ್ಲಿ ಉತ್ತರ ಕೊಟ್ಟಾರು. ಹೊಟ್ಟೆಪಾಡಿಗಾಗಿ ಊರು ಬಿಟ್ಟವರು ಪಾತ್ರೆಪಗಡಿಗಳನ್ನೂ ಮನೆದೇವರ ಪಟವನ್ನೂ ಜೊತೆಗೆ ತಂದರು. ಈ ತಿಳಿವಳಿಕೆಯನ್ನು ಮಾತ್ರ ಊರಿನಲ್ಲಿಯೇ ಬಿಟ್ಟು ಬಂದರು.

ವಂಶಾವಳಿಯೆಂದರೆ ದೊಡ್ಡ ಮನೆತನದವರ ಒಣ ಹೆಮ್ಮೆಯೆಂದು ಹಲವರು ಭಾವಿಸುವುದುಂಟು. ಆದರೆ ಕನ್ನಡ ನಾಡಿನಲ್ಲಿ ಸಾಮಾನ್ಯ ಒಕ್ಕಲಿಗನ ವಂಶಾವಳಿಯನ್ನೂ ಕಾಪಾಡುವ ವ್ಯವಸ್ಥೆಯೊಂದು ಬೆಳೆದು ಬಂದಿದೆ. ಉತ್ತರ ಕರ್ನಾಟಕದ ಹೆಳವರು ಆ ವ್ಯವಸ್ಥೆಯ ಜೀವಂತ ಕಡತಗಳು. ಎತ್ತಿನ ಮೇಲೆ ಕುಳಿತು ಊರೂರು ತಿರುಗುತ್ತಿದ್ದ ಇವರು ಸುಗ್ಗಿಯ ಬಳಿಕ ತಮ್ಮ ಪಾಲಿನ ಒಕ್ಕಲುಗಳ ಮನೆಗೆ ಬಂದು, ಆ ಮನೆಯ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರುಗಳನ್ನು ಸರಾಗವಾಗಿ ಹೇಳುವರು. ಮೂಲದ ಊರು ಯಾವುದು, ಯಾವ ಬರಗಾಲದಲ್ಲಿ ಅದನ್ನು ಬಿಟ್ಟರು, ಮನೆದೇವರು ಯಾರು ಎಂಬುದೂ ಅದರಲ್ಲಿ ಸೇರಿರುತ್ತದೆ. ಹೊಸದಾಗಿ ಹುಟ್ಟಿದವರ ಹೆಸರನ್ನು ಪುಸ್ತಕದಲ್ಲಿ ಏರಿಸಿಕೊಂಡು, ಕಾಳು, ಬಟ್ಟೆ, ಹಣ, ಉಳ್ಳವರ ಮನೆಯಲ್ಲಿ ಎತ್ತು ಪಡೆದು ಮುಂದಿನ ಊರಿಗೆ ಹೋಗುವರು. ಹಿಂದೆ ತಾಮ್ರಪಟ, ಓಲೆಗರಿಗಳಲ್ಲಿದ್ದುದು ಬಳಿಕ ಕಾಗದದ ವಹಿಗಳಿಗೆ ಇಳಿಯಿತು. ಎಷ್ಟೋ ವರ್ಷ ಊರಿಗೆ ಹೋಗದೆ ಪುಣೆಯಲ್ಲಿಯೋ ಹೈದರಾಬಾದಿನಲ್ಲಿಯೋ ನೆಲೆಸಿದವನ ಹೆಸರು ಆ ವಹಿಯಲ್ಲಿ ಇರಬಹುದು. ಅವನ ಮಕ್ಕಳ ಹೆಸರು ಇರಲಾರದು. ಹೇಳುವವರು ಯಾರೂ ಇಲ್ಲದಿದ್ದರೆ ಹೆಳವನಾದರೂ ಏನು ಮಾಡಿಯಾನು?

ನಾಸಿಕ-ತ್ರ್ಯಂಬಕದ ತೀರ್ಥಪುರೋಹಿತರ ವಹಿಗಳೂ ಇದೇ ಬಗೆಯವು. ಊರು, ಅಡ್ಡಹೆಸರುಗಳನ್ನು ಹೇಳಿದರೆ ಹಿಂದೆ ಯಾತ್ರೆಗೆ ಬಂದ ಹಿರಿಯರ ಹೆಸರುಗಳನ್ನು ಅವರು ಹುಡುಕಿಕೊಡುತ್ತಾರೆ. ಮುಂಬಯಿ-ಪುಣೆಗಳಲ್ಲಿರುವವರಿಗೆ ಇದು ಒಂದು ದಿನದ ಪ್ರಯಾಣ.

ಹೊರನಾಡಿನವರು ಗಮನಿಸದ ಸಂಗತಿಯೊಂದಿದೆ. ಮನೆತನದ ಕಾಗದಪತ್ರಗಳೆಲ್ಲ ಊರಿನಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಅವು ಈಗ ವಾಸಿಸುತ್ತಿರುವ ನಗರದಲ್ಲಿಯೇ ಇರಬಹುದು. 1956ರ ನವೆಂಬರ್ 1ರವರೆಗೆ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಆಡಳಿತದಲ್ಲಿದ್ದವು. ಬೀದರ, ಗುಲ್ಬರ್ಗ, ರಾಯಚೂರುಗಳು ಹೈದರಾಬಾದಿನಲ್ಲಿ. ದಕ್ಷಿಣ ಕನ್ನಡವು ಮದರಾಸಿನಲ್ಲಿ. ಬಳ್ಳಾರಿಯೂ 1953ರವರೆಗೆ ಮದರಾಸಿನದೇ. ಉತ್ತರ ಕನ್ನಡದ ಕತೆ ಇನ್ನೂ ತೊಡಕಿನದು: 1862ರಲ್ಲಿ ಅದು ಮದರಾಸಿನಿಂದ ಮುಂಬಯಿಗೆ ವರ್ಗವಾಯಿತು. ಆದ್ದರಿಂದ ಹಳೆಯ ಸರಕಾರಿ ದಫ್ತರಗಳು ಮುಂಬಯಿ, ಚೆನ್ನೈ, ಹೈದರಾಬಾದುಗಳ ಪತ್ರಾಗಾರಗಳಲ್ಲಿ ಹಂಚಿಹೋಗಿವೆ. ಪುಣೆಯ ಪೇಶವೆ ದಫ್ತರದಲ್ಲಿ 1852ರ ಕಾಯದೆಯಂತೆ ನಡೆದ ಇನಾಮು ವಿಚಾರಣೆಯ ಕಾಗದಗಳಿವೆ. ಇನಾಮು ಉಳಿಸಿಕೊಳ್ಳಬೇಕಾದವರು ತಮ್ಮ ಹಕ್ಕು ಯಾರಿಂದ ಯಾರಿಗೆ ಇಳಿದು ಬಂತೆಂಬುದನ್ನು ಆಗ ತೋರಿಸಿಕೊಡಬೇಕಾಗಿತ್ತು. ಇವುಗಳಲ್ಲಿ ಬಹಳಷ್ಟು ಮೋಡಿ ಲಿಪಿಯಲ್ಲಿವೆ, ಹೈದರಾಬಾದಿನವು ಫಾರಸಿ-ಉರ್ದುಗಳಲ್ಲಿವೆ. ಓದಬಲ್ಲವರ ನೆರವು ಬೇಕು.

ಆದರೆ ಈ ದಫ್ತರಗಳು ದೇಶಪಾಂಡೆ, ಕುಲಕರ್ಣಿ, ಗೌಡ, ಶ್ಯಾನುಭೋಗರನ್ನು ನೆನೆದಷ್ಟು ಕೂಲಿಕಾರನನ್ನು ನೆನೆಯುವುದಿಲ್ಲ. ಗೇಣಿ ಒಕ್ಕಲಿನ ಮನೆತನದವರು 1974ರ ಭೂಸುಧಾರಣೆಯ ಕಡತಗಳನ್ನು ನೋಡುವುದು ಲೇಸು. ಆಗ ಗೇಣಿದಾರರು ಏಳನೆಯ ನಮೂನೆಯಲ್ಲಿ ಭೂನ್ಯಾಯಮಂಡಳಿಗೆ ಕೊಟ್ಟ ಡಿಕ್ಲರೇಶನ್ನು, ಅದರ ಮೇಲೆ ನಡೆದ ವಿಚಾರಣೆಯ ಹೇಳಿಕೆಗಳು, "ನನ್ನ ತಂದೆಯ ಕಾಲದಿಂದ, ಅಜ್ಜನ ಕಾಲದಿಂದ" ಎಂಬ ಮಾತಿಗೆ ಸರಕಾರಿ ಮೊಹರು ಬಿದ್ದ ಅಪರೂಪದ ಕಾಗದಗಳು. ಪಹಣಿ (ಉತ್ತರದವರ ಉತಾರ) ಮತ್ತು ವಾರಸಾ ದಾಖಲೆಗಳನ್ನು ತಾಲೂಕು ಕಚೇರಿಯಲ್ಲಿ ವಿಚಾರಿಸಬಹುದು.

ಹಿರಿಯರ ಮಾತಿನಲ್ಲಿ ಇಸವಿ ಸಿಗುವುದಿಲ್ಲ, ಸಂವತ್ಸರ ಸಿಗುತ್ತದೆ. ಧಾತು ಸಂವತ್ಸರದ ಬರವೆಂದರೆ 1876-77. ರಕ್ತಾಕ್ಷಿಯ ನೆರೆಯೆಂದರೆ 1924. ಅರುವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ, "ರಕ್ತಾಕ್ಷಿಯಲ್ಲಿ ಹುಟ್ಟಿದವಳು" ಎಂದರೆ 1864ರವಳೋ 1924ರವಳೋ ಎಂದು ತಾಳೆ ನೋಡಬೇಕು. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಮನೆಗಳಲ್ಲಿ ಒಂದು ತಲೆಮಾರೇ ಲೆಕ್ಕದಿಂದ ಜಾರುವ ಅಪಾಯವಿದೆ. ಕಾಳಯುಕ್ತಿಯಲ್ಲಿ, ಅಂದರೆ 1918ರಲ್ಲಿ, ಒಂದೇ ಮನೆಯ ಮೂರು ನಾಲ್ಕು ಜನ ಕೆಲವೇ ದಿನಗಳಲ್ಲಿ ತೀರಿಕೊಂಡರೆಂದು ಕೇಳಿಬಂದರೆ ಅದು ಮನೆತನದ ರೋಗವಲ್ಲ. ಭಾರತದಲ್ಲಿ ಒಂದು ಕೋಟಿಗೂ ಮೀರಿ ಜನರನ್ನು ಬಲಿ ತೆಗೆದುಕೊಂಡ ಇನ್‌ಫ್ಲುಯೆಂಜಾ ಆಗಿರುವ ಸಂಭವವೇ ಹೆಚ್ಚು. 1896ರಲ್ಲಿ ಮುಂಬಯಿಯಲ್ಲಿ ತಲೆದೋರಿ ಬಳಿಕ ಹುಬ್ಬಳ್ಳಿ, ಧಾರವಾಡಗಳಿಗೆ ಹಬ್ಬಿದ ಪ್ಲೇಗಿನ ಮಾತೂ ಇದೇ. "ಮನೆಗೆ ಶಾಪವಿದೆ" ಎಂದು ತಲೆಮಾರುಗಟ್ಟಲೆ ಅಂಜಿದ ಕುಟುಂಬಗಳಿಗೆ ಇಸವಿಯನ್ನು ಗುರುತಿಸಿಕೊಟ್ಟರೆ ಅರ್ಧ ಭಾರ ಇಳಿದೀತು.

ಇಷ್ಟೆಲ್ಲ ಕಾಗದಗಳನ್ನು ಕೂಡಿಹಾಕಿದ ಮೇಲೂ ವೈದ್ಯರ ಪ್ರಶ್ನೆಗೆ ಅರ್ಧ ಉತ್ತರವಷ್ಟೇ ದೊರೆಯುತ್ತದೆ. ಕಾರಣ ಸ್ಪಷ್ಟ. ಹೆಳವರ ವಹಿಯಾಗಲಿ, ವಾರಸಾ ದಾಖಲೆಯಾಗಲಿ ಪ್ರಧಾನವಾಗಿ ಗಂಡುಸಂತತಿಯ ಸಾಲು. ಅವು ಹುಟ್ಟಿದ್ದು ಆಸ್ತಿ ಮತ್ತು ಹೆಸರಿನ ಸಲುವಾಗಿ. ಶರೀರವು ಆ ಕಾಯದೆಯನ್ನು ಪಾಲಿಸುವುದಿಲ್ಲ. ಅದು ತಾಯಿಯಿಂದಲೂ ತಂದೆಯಿಂದಲೂ ಸಮಪಾಲು ಪಡೆಯುತ್ತದೆ. ತರ್ಪಣ ಬಿಡುವ ಮನೆಗಳಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರುಗಳು ಉಳಿದುಬಂದಿರುವುದುಂಟು, ಹೆಸರು ಮಾತ್ರ. ಕರಾವಳಿಯ ಅಳಿಯಸಂತಾನದ ಕುಟುಂಬಗಳದು ತಿರುವುಮುರುವಾದ ರೀತಿ: ಬರಿ (ಬಳಿ) ತಾಯಿಯಿಂದ ಬರುತ್ತದೆ, ಕುಟುಂಬದ ಮನೆ ತಾಯಿಯ ಕಡೆಯದು. ಮುಂಬಯಿಯಲ್ಲಿ ಹೋಟೆಲು ನಡೆಸುವವರು ಮೂಲ ನಾಗಬನವನ್ನು ಹುಡುಕಿಕೊಂಡು ಊರಿಗೆ ಹೋಗುವಾಗ ನಡೆಸುವುದು ನಿಜಕ್ಕೂ ವಂಶಶೋಧನೆಯೇ. ಅಲ್ಲಿ ಕೈಬಿಟ್ಟುಹೋಗುವುದು ತಂದೆಯ ಕಡೆ.

ವೈದ್ಯರಿಗೆ ಹತ್ತು ತಲೆಮಾರು ಬೇಕಿಲ್ಲ, ಎರಡೂ ಕಡೆಯ ಮೂರು ತಲೆಮಾರು ಸಾಕು. ಸಾವಿನ ಕಾರಣಕ್ಕಿಂತ ರೋಗ ಕಾಣಿಸಿಕೊಂಡ ವಯಸ್ಸು ಮುಖ್ಯ. ತಂದೆ ಅಥವಾ ಸಹೋದರನಿಗೆ 55 ವರ್ಷಕ್ಕೆ ಮುನ್ನ, ತಾಯಿ ಅಥವಾ ಸಹೋದರಿಗೆ 65 ವರ್ಷಕ್ಕೆ ಮುನ್ನ ಹೃದ್ರೋಗ ಬಂದಿದ್ದರೆ ಮಕ್ಕಳು ಎಚ್ಚರದಿಂದಿರಬೇಕೆಂಬುದು ವೈದ್ಯರ ಅಂಗೀಕೃತ ಮಾತು. ಹಳೆಯವರ ಭಾಷೆಯನ್ನು ಬಿಡಿಸಿ ಓದುವುದನ್ನೂ ಕಲಿಯಬೇಕು. "ಕಾಲಿನ ಹುಣ್ಣು ಮಾಯಲೇ ಇಲ್ಲ" ಎಂಬಲ್ಲಿ ಸಕ್ಕರೆ ಕಾಯಿಲೆಯಿರಬಹುದು. "ಲಕ್ವ ಹೊಡೆಯಿತು" ಎಂಬಲ್ಲಿ ಯಾರೂ ಅಳೆಯದ ರಕ್ತದೊತ್ತಡವಿರಬಹುದು.

ಸೋದರಿಕೆಯ ಮದುವೆಗಳು ನಡೆದ ಮನೆಗಳಲ್ಲಿ ಒಂದೇ ಹೆಸರು ವಂಶವೃಕ್ಷದ ಎರಡು ಕೊಂಬೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಲೆಕ್ಕ ಸರಳ: ಸೋದರಮಾವ-ಸೊಸೆಯರ ಮಗುವಿಗೆ ಒಂದೇ ಪೂರ್ವಜರ ಒಂದೇ ವಂಶವಾಹಿ ಎರಡೂ ಕಡೆಯಿಂದ ಬರುವ ಸಂಭವ ಎಂಟರಲ್ಲಿ ಒಂದು, ಅತ್ತೆ-ಮಾವಂದಿರ ಮಕ್ಕಳು ಮದುವೆಯಾದಲ್ಲಿ ಹದಿನಾರರಲ್ಲಿ ಒಂದು. ಇಂಥ ಮದುವೆಗಳ ಮಕ್ಕಳೆಲ್ಲರೂ ರೋಗಿಗಳಾಗುತ್ತಾರೆಂದು ಇದರ ಅರ್ಥವಲ್ಲ. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಹುಟ್ಟು ಕಿವುಡು, ರಕ್ತದ ದೋಷಗಳಂಥವು ಒಮ್ಮೆ ಕಾಣಿಸಿದ ಮನೆಯಲ್ಲಿ ಮುಂದಿನ ಸಂಬಂಧಕ್ಕೆ ಮೊದಲು ಪರೀಕ್ಷೆ ಮಾಡಿಸುವುದು ಜಾಣತನ. ತಲಸ್ಸೀಮಿಯಾದ ವಾಹಕರು ಯಾರೆಂಬುದು ಒಂದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಗಂಡಹೆಂಡಿರಿಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ರೋಗದ ಸಂಭವ ನಾಲ್ಕರಲ್ಲಿ ಒಂದು.

ಅಡ್ಡಿಯಿರುವುದು ಇಲ್ಲಿಯೇ. ಗೋತ್ರ, ನಕ್ಷತ್ರ, ಬೆಡಗು, ಬರಿಗಳನ್ನು ತೂಗಿ ನೋಡುವ ಹಿರಿಯರು ಹುಡುಗಿಯ ಚಿಕ್ಕಪ್ಪನಿಗೆ ಬುದ್ಧಿಭ್ರಮಣೆಯಾಗಿತ್ತೆಂಬುದನ್ನು, ಹುಡುಗನ ತಾಯಿಗೆ ಎದೆಯಲ್ಲಿ ಗಡ್ಡೆಯಾಗಿತ್ತೆಂಬುದನ್ನು ಬಾಯಿ ಬಿಡುವುದಿಲ್ಲ. ಸಂಬಂಧ ಮುರಿದೀತೆಂಬ ಭಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಹೀಗೆ ಮುಚ್ಚಿಟ್ಟದ್ದು ಮೂವತ್ತು ವರ್ಷದ ಬಳಿಕ ಮಗಳ ವೈದ್ಯಕೀಯ ವರದಿಯಲ್ಲಿ ತಾನಾಗಿಯೇ ಹೊರಬೀಳುತ್ತದೆ, ಚಿಕಿತ್ಸೆಗೆ ತಡವಾದ ಮೇಲೆ.

ಜನನ-ಮರಣ ನೋಂದಣಿಯ 1969ರ ಕಾಯದೆ ಜಾರಿಗೆ ಬಂದದ್ದು 1970ರಲ್ಲಿ. ಅದಕ್ಕೂ ಹಿಂದೆ ಹಳ್ಳಿಗಳಲ್ಲಿ ಬರಹಕ್ಕೆ ಸಿಗದೆ ಹೋದವರನ್ನು ಬಲ್ಲವರು ಎಂಬತ್ತು ದಾಟಿದ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮಂದಿರು ಮಾತ್ರ. ಮೇ ತಿಂಗಳ ರಜೆಯಲ್ಲಿ ಊರಿಗೆ ಹೋದವರು ಮೊದಲು ಅವರ ಹತ್ತಿರ ಕುಳಿತುಕೊಳ್ಳಬೇಕು, ತಾಲೂಕು ಕಚೇರಿಗೆ ನಾಳೆ ಹೋದರೂ ನಡೆದೀತು. ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಉಳಿದರು, ಉಳಿಯದವು ಏನಾಗಿ ಹೋದವು ಎಂದು ಮೆಲ್ಲಗೆ ಕೇಳಬೇಕು. ಆ ಮಕ್ಕಳಿಗೆ ಹೆಸರಿಟ್ಟಿರಲಿಕ್ಕಿಲ್ಲ. ಆದರೂ ತಾಯಂದಿರು ಅವುಗಳ ಲೆಕ್ಕವನ್ನು ಮರೆತಿರುವುದಿಲ್ಲ.